ಮಂದ್ರಧ್ವನಿಯ ಇತಿಹಾಸ: ಮೌನ ತಾಳಿದ ಪೆಟ್ಟಿಗೆಯೊಂದರ ನೆಪದಲ್ಲಿ



ನಾನು ನಿವೃತ್ತನಾದ ವರ್ಷ ನನ್ನ ಮಗನು ನಮ್ಮ ಹಜಾರದಲ್ಲಿ ಒಂದು ಹೋಂ ಥಿಯೇಟರ್ ಜೋಡಿಸಿಕೊಟ್ಟನು. ಗೋಡೆಗಳ ಮೇಲೆ ಐದು ಪುಟ್ಟ ಧ್ವನಿವರ್ಧಕಗಳು, ಟಿ.ವಿ.ಯ ಕೆಳಗೆ ರಿಸೀವರ್, ಮೂಲೆಯಲ್ಲಿ ನೆಲದ ಮೇಲೆ ಸಬ್‌ವೂಫರ್ ಎಂಬ ಕಪ್ಪು ಪೆಟ್ಟಿಗೆ. ಕಳೆದ ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ಊರಿಗೆ ಹಿಂದಿರುಗಿದ ಮೇಲೆ, ಒಂದು ಸಂಜೆ ಕಛೇರಿಯ ಹಳೆಯ ಧ್ವನಿಮುದ್ರಣವೊಂದನ್ನು ಕೇಳುತ್ತ ಕುಳಿತಿದ್ದೆ. ಮೃದಂಗದ ಬಲಮುಖ ಸ್ಪಷ್ಟವಾಗಿ ನುಡಿಯುತ್ತಿದೆ, ಆದರೆ ರವೆಯ ಕಣಕ ಮೆತ್ತಿದ ಎಡಮುಖದ ಗಂಭೀರ ನಾದ ಕಾಣೆಯಾಗಿದೆ ಎನಿಸಿತು. ಎದ್ದು ಹೋಗಿ ಕಪ್ಪು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟೆ. ಕಂಪನವೇ ಇರಲಿಲ್ಲ. ಅದರ ದೀಪವೂ ಹಸಿರಾಗದೆ ಕೆಂಪಾಗಿಯೇ ಉಳಿದಿತ್ತು.

ಪೇಟೆಯ ದುರಸ್ತಿಗಾರರೊಬ್ಬರು ಫೋನಿನಲ್ಲಿಯೇ ತೀರ್ಪು ಕೊಟ್ಟರು: "ಕಾಯಿಲ್ ಸುಟ್ಟಿರಬೇಕು ಸಾರ್, ಹೊಸದು ತಗೊಳ್ಳೋದೇ ವಾಸಿ." ನಲವತ್ತು ವರ್ಷಗಳ ಹಿಂದೆ ಬಿ.ಎಡ್. ತರಗತಿಯಲ್ಲಿ ನಮಗೆ ಕಲಿಸಿದ್ದು, ಪರೀಕ್ಷಿಸದೆ ಅನುತ್ತೀರ್ಣ ಮಾಡಬಾರದೆಂದು. ಆದ್ದರಿಂದ ಎರಡು ಪರೀಕ್ಷೆಗಳನ್ನು ಮಾಡಿದೆ. ಪೆಟ್ಟಿಗೆಯ ಧ್ವನಿಯ ತಿರುಪನ್ನು ಬಹಳ ತಗ್ಗಿಸಿ, ಅದರ ತಂತಿಯನ್ನು ರಿಸೀವರ್ ತುದಿಯಲ್ಲಿ ಕಳಚಿ, ನಡುವಿನ ಮೊಳೆಯನ್ನು ಬೆರಳಿನಿಂದ ಮುಟ್ಟಿದೆ. 'ಗುಂಯ್' ಎಂದು ಪೆಟ್ಟಿಗೆ ನುಡಿಯಿತು, ದೀಪ ಹಸಿರಾಯಿತು. ಅಂದರೆ ಕಾಯಿಲೂ ಸುಟ್ಟಿಲ್ಲ, ತಂತಿಯೂ ತುಂಡಾಗಿಲ್ಲ. ಬಳಿಕ ತಂತಿಯನ್ನು ಮತ್ತೆ ಸಿಕ್ಕಿಸಿ ಮಗನು ಬಿಟ್ಟುಹೋಗಿದ್ದ ಇಂಗ್ಲಿಷ್ ಚಲನಚಿತ್ರದ ಡಿ.ವಿ.ಡಿ. ಹಾಕಿದೆ. ಸ್ಫೋಟದ ದೃಶ್ಯ ಬಂದೊಡನೆ ಕಿಟಕಿಯ ಗಾಜು ನಡುಗಿತು. ಪುನಃ ಕಛೇರಿ ಹಾಕಿದರೆ ಅದೇ ಮೌನ!

ಸಿನಿಮಾಕ್ಕೆ ನುಡಿಯುವ ಪೆಟ್ಟಿಗೆ ಸಂಗೀತಕ್ಕೆ ಏಕೆ ನುಡಿಯುವುದಿಲ್ಲ? ಈ ಪ್ರಶ್ನೆಗೆ ಉತ್ತರವು ನನಗೆ ದೊರೆತದ್ದು ಇತಿಹಾಸದಲ್ಲಿ.

ಮನುಷ್ಯನ ಕಿವಿ ಕೇಳಬಲ್ಲ ಶಬ್ದದ ವ್ಯಾಪ್ತಿಯು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಎಂದು ನಿಮಗೆಲ್ಲ ತರಗತಿಯಲ್ಲಿ ಬರೆಸಿದ್ದೇನೆ. ಆದರೆ ಇದರ ಕೆಳತುದಿಯನ್ನು ಯಂತ್ರದಿಂದ ಹೊರಡಿಸುವುದು ಎಷ್ಟು ಕಷ್ಟವೆಂಬುದನ್ನು ಆಗ ನಾನು ಹೇಳಿರಲಿಲ್ಲ. ಶಬ್ದದ ಪ್ರಮಾಣ ಒಂದೇ ಆಗಿರಬೇಕಾದರೆ, ಆವೃತ್ತಿಯು ಅರ್ಧಕ್ಕೆ ಇಳಿದಾಗಲೆಲ್ಲ ಧ್ವನಿವರ್ಧಕದ ಕಾಗದದ ಶಂಕು ನಾಲ್ಕು ಪಟ್ಟು ಹೆಚ್ಚು ದೂರ ಹಿಂದುಮುಂದಾಗಬೇಕು. 80 ಹರ್ಟ್ಸ್‌ನಿಂದ 20 ಹರ್ಟ್ಸ್‌ಗೆ ಇಳಿದರೆ ಹದಿನಾರು ಪಟ್ಟು! ಸಾಲದೆಂಬಂತೆ ನಮ್ಮ ಕಿವಿಯೂ ಮಂದ್ರಕ್ಕೆ ಮಂದ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬವರು ಇದನ್ನು ಅಳೆದು ತೋರಿಸಿದರು. ಮೆಲುದನಿಯಲ್ಲಿ ಹಾಡು ಹಾಕಿದಾಗ ಮೊದಲು ಮರೆಯಾಗುವುದು ಮಂದ್ರಸ್ವರವೇ.

ಇಂದಿನ ಧ್ವನಿವರ್ಧಕಗಳ ಪೂರ್ವಜನನ್ನು 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಲೋಕಕ್ಕೆ ಪರಿಚಯಿಸಿದರು. ಅಯಸ್ಕಾಂತದ ನಡುವೆ ತೂಗುವ ತಂತಿಸುರುಳಿಯು ಕಾಗದದ ಶಂಕುವನ್ನು ತಳ್ಳಿ ಎಳೆಯುವ ಅವರ ವಿಧಾನವು ನೂರು ವರ್ಷ ಕಳೆದರೂ ಉಳಿದುಬಂದಿದೆ. ಆದರೆ ಮಂದ್ರಸ್ವರ ಬೇಕೆಂದರೆ ದೊಡ್ಡ ಬೀರುವಿನಂಥ ಪೆಟ್ಟಿಗೆಯೇ ಬೇಕಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕದ ಸಂಶೋಧಕರು ಚಿಕ್ಕ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಿನಂತೆ ಬಳಸಿ, ಕಪಾಟಿನಲ್ಲಿ ಇಡಬಹುದಾದ ಗಾತ್ರದಿಂದ ಆಳವಾದ ನಾದವನ್ನು ಹೊರಡಿಸಿದರು. ಪೆಟ್ಟಿಗೆಯ ಗಾತ್ರವನ್ನು ಲೆಕ್ಕ ಹಾಕಿ ನಿರ್ಧರಿಸುವ ಮಾರ್ಗವನ್ನು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲೆ ತೋರಿಸಿದರು; ರಿಚರ್ಡ್ ಸ್ಮಾಲ್ ಎಂಬವರು 1970ರ ದಶಕದಲ್ಲಿ ಅದನ್ನು ಬೆಳೆಸಿದರು.

ಇದೆಲ್ಲ ನಡೆಯುತ್ತಿದ್ದ ಕಾಲದಲ್ಲಿ ನಮ್ಮೂರಿನ ಟೆಂಟ್ ಸಿನಿಮಾದಲ್ಲಿ ತಗಡಿನ ಹಾರ್ನ್‌ಗಳೇ ಗತಿ. ಮಾತು ಮೈಲಿ ದೂರಕ್ಕೆ ಕೇಳಿಸುತ್ತಿತ್ತು. ಗುಡುಗು ಮಾತ್ರ ತಗಡು ಬಡಿದಂತೆ ಕೇಳಿಸುತ್ತಿತ್ತು.

ಮಂದ್ರಧ್ವನಿಗೆ ಸಿನಿಮಾದಲ್ಲಿ ಪ್ರತ್ಯೇಕ ಪೀಠ ದೊರೆತದ್ದು 1974ರಲ್ಲಿ. ಯೂನಿವರ್ಸಲ್ ಸಂಸ್ಥೆಯು 'ಅರ್ತ್‌ಕ್ವೇಕ್' ಎಂಬ ಚಿತ್ರಕ್ಕಾಗಿ 'ಸೆನ್ಸರೌಂಡ್' ಎಂಬ ವ್ಯವಸ್ಥೆಯನ್ನು ತಂದಿತು. ಚಿತ್ರದ ಸುರುಳಿಯಿಂದ ಸಂಜ್ಞೆ ಬಂದೊಡನೆ ಚಿತ್ರಮಂದಿರದಲ್ಲಿದ್ದ ಯಂತ್ರವು ಭೂಕಂಪದ ಗುಡುಗನ್ನು ಹುಟ್ಟಿಸಿ ಭಾರೀ ಧ್ವನಿವರ್ಧಕಗಳಿಗೆ ಕಳುಹಿಸುತ್ತಿತ್ತು. ಪ್ರೇಕ್ಷಕರು ಅದನ್ನು ಕಿವಿಗಿಂತ ಹೆಚ್ಚಾಗಿ ಎದೆಯಿಂದ ಕೇಳಿದರು. ಹಾಲಿವುಡ್‌ನ ಚೈನೀಸ್ ಥಿಯೇಟರಿನಲ್ಲಿ ಉದುರುವ ಗಾರೆ ಜನರ ಮೇಲೆ ಬೀಳದಂತೆ ಛಾವಣಿಯ ಕೆಳಗೆ ಬಲೆ ಕಟ್ಟಿದ್ದರಂತೆ!

1977ರಲ್ಲಿ 'ಸ್ಟಾರ್ ವಾರ್ಸ್' ಚಿತ್ರದ 70 ಎಂ.ಎಂ. ಪ್ರತಿಗಳಿಗಾಗಿ ಡಾಲ್ಬಿ ಸಂಸ್ಥೆಯವರು ಇನ್ನೊಂದು ಉಪಾಯ ಮಾಡಿದರು. ಆ ಸುರುಳಿಯಲ್ಲಿ ತೆರೆಯ ಹಿಂದಿನ ಧ್ವನಿವರ್ಧಕಗಳಿಗೆಂದು ಐದು ಧ್ವನಿಪಥಗಳಿದ್ದವು. ಅವುಗಳಲ್ಲಿ ಎರಡನ್ನು ಕೇವಲ ಮಂದ್ರಧ್ವನಿಗೆ ಮೀಸಲಿಟ್ಟರು. 1979ರ 'ಅಪೋಕಲಿಪ್ಸ್ ನೌ' ಚಿತ್ರದಲ್ಲಿ ಮುಂದೆ ಮೂರು, ಹಿಂದೆ ಎಡಬಲ ಎರಡು, ಜೊತೆಗೆ ಮಂದ್ರಧ್ವನಿ ಎಂಬ ವಿನ್ಯಾಸ ರೂಪುಗೊಂಡಿತು. 1987ರಲ್ಲಿ ಚಲನಚಿತ್ರ ತಂತ್ರಜ್ಞರ ಸಭೆಯೊಂದರಲ್ಲಿ ಟಾಮ್ಲಿನ್ಸನ್ ಹೋಲ್ಮನ್ ಎಂಬ ತಜ್ಞರು ಇದಕ್ಕೆ 5.1 ಎಂದು ಹೆಸರಿಟ್ಟರು. 1992ರ 'ಬ್ಯಾಟ್‌ಮ್ಯಾನ್ ರಿಟರ್ನ್ಸ್' ಚಿತ್ರದೊಂದಿಗೆ ಡಾಲ್ಬಿ ಡಿಜಿಟಲ್ ಚಿತ್ರಮಂದಿರಗಳಿಗೆ ಬಂದಿತು. ಆ ದಶಕ ಮುಗಿಯುವಷ್ಟರಲ್ಲಿ ಡಿ.ವಿ.ಡಿ.ಯ ಮೂಲಕ ಅದೇ ವಿನ್ಯಾಸವು ಮನೆಗಳ ಹಜಾರಗಳನ್ನು ಹೊಕ್ಕಿತು.

ಇಲ್ಲಿ ಆ '.1' ಎಂಬುದನ್ನು ಗಮನಿಸಿ. ಅದು ಲೆಕ್ಕದ ಹತ್ತನೆಯ ಒಂದು ಭಾಗವಲ್ಲ. ಆ ಪಥದ ಮಿತಿ 120 ಹರ್ಟ್ಸ್. 20,000ದ ಮುಂದೆ ಅದು ಶೇಕಡಾ ಒಂದಕ್ಕೂ ಕಡಿಮೆ. ಅನುಕೂಲಕ್ಕಾಗಿ ಇಟ್ಟುಕೊಂಡ ಅಂಕಿಯಷ್ಟೇ. ಸ್ಫೋಟ, ಭೂಕಂಪ, ಗುಡುಗುಗಳಿಗಾಗಿ ಸಿನಿಮಾದವರು ಮಾಡಿಕೊಂಡ ವಿಶೇಷ ಪಥ ಅದು. ನಮ್ಮ ಕಛೇರಿಯ ಧ್ವನಿಮುದ್ರಣವಾದರೋ ಎಡ ಮತ್ತು ಬಲ ಎಂಬ ಎರಡೇ ಪಥಗಳದ್ದು. ಮೃದಂಗದ ಮಂದ್ರನಾದವು ಆ ಎರಡರಲ್ಲಿಯೇ ಬೆರೆತಿರುತ್ತದೆ. ಅದನ್ನು ಬೇರ್ಪಡಿಸಿ ಮೂಲೆಯ ಪೆಟ್ಟಿಗೆಗೆ ಕಳುಹಿಸುವುದು ರಿಸೀವರಿನ ಕೆಲಸ. ಮುಂದಿನ ಧ್ವನಿವರ್ಧಕಗಳು 'ಚಿಕ್ಕವು' ಎಂದು ನಾವು ತಿಳಿಸಿದರೆ, ಅದು ಸಾಮಾನ್ಯವಾಗಿ 80 ಹರ್ಟ್ಸ್‌ನ ಆಸುಪಾಸಿಗಿಂತ ಕೆಳಗಿನದನ್ನು ಪೆಟ್ಟಿಗೆಗೆ ವಹಿಸುತ್ತದೆ. 'ದೊಡ್ಡವು' ಎಂದು ತಿಳಿಸಿದರೆ, ಎಲ್ಲವನ್ನೂ ಅವೇ ನುಡಿಸಬಲ್ಲವೆಂದು ನಂಬಿ ಪೆಟ್ಟಿಗೆಗೆ ಏನನ್ನೂ ಕೊಡುವುದಿಲ್ಲ.

ರಿಸೀವರಿನ ಪಟ್ಟಿಯನ್ನು ತೆರೆದು ನೋಡಿದೆ. ಅಂಗೈಯಗಲದ ನಮ್ಮ ಧ್ವನಿವರ್ಧಕಗಳ ಮುಂದೆ 'ಲಾರ್ಜ್' ಎಂದಿತ್ತು! ರಿಮೋಟ್ ಹಿಡಿದು ಆಡಿದ ಮೊಮ್ಮಗನ ಕೈಚಳಕ. 'ಸ್ಮಾಲ್' ಎಂದು ತಿದ್ದಿದೆ. ದೀಪ ಹಸಿರಾಯಿತು, ಎಡಮುಖ ನುಡಿಯಿತು.

ಆದರೂ ಕುರ್ಚಿಯಲ್ಲಿ ಕುಳಿತಾಗ ನಾದ ತೆಳುವೆನಿಸಿತು. ನಮ್ಮ ಹಜಾರದ ಉದ್ದ ಹದಿನಾಲ್ಕು ಅಡಿ, ನನ್ನ ಕುರ್ಚಿ ಅದರ ನಟ್ಟನಡುವೆ. ಆ ಉದ್ದಕ್ಕೆ 40 ಹರ್ಟ್ಸ್ ಸುಮಾರಿನಲ್ಲಿ ಸ್ಥಾಯೀ ತರಂಗ ಏರ್ಪಟ್ಟು, ಗೋಡೆಗಳ ಬಳಿ ಶಬ್ದ ಹೆಚ್ಚಿ, ನಡುವೆ ಅಡಗುತ್ತದೆ. ಕುರ್ಚಿಯನ್ನು ಎರಡಡಿ ಹಿಂದಕ್ಕೆ ಸರಿಸಿದೆ. ಮನೆಯಾಕೆ ಅಡುಗೆಮನೆಯಿಂದಲೇ "ಈಗ ಸರಿಯಾಯ್ತು ನೋಡಿ" ಎಂದಳು. ಒಂದು ಪೈಸೆಯೂ ಖರ್ಚಾಗಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೌನವಾಗಿದ್ದ ಪೆಟ್ಟಿಗೆ ಕೆಟ್ಟಿರಲಿಲ್ಲ, ಅದಕ್ಕೆ ಯಾರೂ ಏನನ್ನೂ ಕಳುಹಿಸಿರಲಿಲ್ಲ ಎಂಬ ಮಾತು ಮನಸ್ಸನ್ನು ಎಲ್ಲಿಗೋ ಒಯ್ದಿತು. ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದನು. ಒಂದೆರಡು ಬಾರಿ ಪ್ರಶ್ನೆ ಕೇಳಿದಾಗ ಸುಮ್ಮನೆ ನಿಂತನು. ದಡ್ಡನೆಂದು ಭಾವಿಸಿ, ಎಂಟನೆಯ ತರಗತಿಯಿಡೀ ಅವನನ್ನು ಕೇಳುವುದನ್ನೇ ಬಿಟ್ಟೆ. ಒಂಬತ್ತನೆಯ ತರಗತಿಯಲ್ಲಿ ಶಬ್ದದ ಪಾಠ ಮಾಡುತ್ತ ಶ್ರುತಿಕವೆಯನ್ನು ಮಿಡಿದು ಎಲ್ಲರ ಕೈಗೂ ಕೊಟ್ಟೆ. ಎಲ್ಲರೂ ಕಿವಿಯ ಬಳಿ ಹಿಡಿದರು. ಅವನೊಬ್ಬನು ಅದರ ಕಾಲನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡನು. ಮುಖ ಅರಳಿತು. "ಸಾರ್, ಇದು ಕೇಳ್ತದೆ!" ಎಂದನು. ಅದು ತರಗತಿಯಲ್ಲಿ ನಾನು ಕೇಳಿದ ಅವನ ಮೊದಲ ಪೂರ್ಣ ವಾಕ್ಯ.

ಚಿಕ್ಕಂದಿನಿಂದ ಅವನ ಎರಡೂ ಕಿವಿ ಸೋರುತ್ತಿದ್ದವೆಂದು ಆಮೇಲೆ ತಿಳಿಯಿತು. ಅವನನ್ನು ಮೊದಲ ಬೆಂಚಿಗೆ ಕರೆದೆ, ಮುಖ ನೋಡಿ ಮಾತನಾಡಲು ಕಲಿತೆ. ಎಸ್.ಎಸ್.ಎಲ್.ಸಿ.ಯಲ್ಲಿ ಅವನು ದ್ವಿತೀಯ ದರ್ಜೆಯಲ್ಲಿ ತೇರ್ಗಡೆಯಾದನು. ಊರೆಲ್ಲ ನನ್ನನ್ನು ಹೊಗಳಿತು. ಆದರೆ ಕಳೆದುಹೋದ ಆ ಒಂದು ವರ್ಷಕ್ಕಾಗಿ ನಾನು ಅವನ ಕ್ಷಮೆ ಕೇಳಲಿಲ್ಲ. ಅಂದು ಪರೀಕ್ಷಿಸದೆ ತೀರ್ಪು ಕೊಟ್ಟವನು ನಾನೇ.

ನಿಮ್ಮಲ್ಲಿ ಅನೇಕರು ಇಂದು ಅಧ್ಯಾಪಕರಾಗಿದ್ದೀರಿ, ತಂದೆತಾಯಿಗಳಾಗಿದ್ದೀರಿ. ಕೊನೆಯ ಬೆಂಚಿನಲ್ಲಿ ಮೌನವಾಗಿರುವವರು ಕಂಡರೆ, ಅವರನ್ನು ಬೈಯುವ ಮೊದಲು ನಿಮ್ಮ ಮಾತು ಅವರನ್ನು ತಲುಪುತ್ತಿದೆಯೇ ಎಂದು ನೋಡಿರಿ. ಆ ಹುಡುಗನು ಇದನ್ನು ಓದುತ್ತಿದ್ದರೆ, ಅವನಿಗೆ ಅವನು ಯಾರೆಂಬುದು ಗೊತ್ತು. ತಡವಾಗಿಯಾದರೂ, ಮಗು, ಕ್ಷಮಿಸು.