ಪೆನ್ಸಿಲ್ಲಿನಿಂದ ತಂತ್ರಾಂಶದವರೆಗೆ: ಮುಖ ತಿದ್ದುವ ಕಸುಬು

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಗೋಡೆಗೆ ಹಾಕಲು ಒಂದು ಫೋಟೋ ಬೇಕು. ಚಿಂಚೋಳಿ ಕಡೆಯ ಹಳ್ಳಿಗಳಿಂದ, ಸೇಡಂ ಸುತ್ತಲಿನ ಊರುಗಳಿಂದ ಬಂದವರು ಹಲವು ಸಲ ಸ್ಟುಡಿಯೋದವನ ಮುಂದೆ ಇಡುವುದು ಮತದಾರರ ಗುರುತಿನ ಚೀಟಿಯನ್ನೇ. ಭಾವಚಿತ್ರವಿರುವ ಈ ಚೀಟಿಯನ್ನು ಕೊಡಲು ಚುನಾವಣಾ ಆಯೋಗ 1993ರಲ್ಲಿ ನಿರ್ಧರಿಸಿತು. ಅಂಚೆಚೀಟಿಯಷ್ಟು ಚಿಕ್ಕದಾದ ಆ ಚಿತ್ರದ ಹೊರತು ಬೇರೆ ಚಿತ್ರವೇ ಇಲ್ಲದ ಅಜ್ಜಿಯರು ಎಷ್ಟೋ ಮಂದಿ. 'ಇದನ್ನೇ ದೊಡ್ಡದು ಮಾಡಿ ಕೊಡ್ರಿ, ಮಾರಿ ಜರಾ ಬೆಳ್ಳಗ ಮಾಡ್ರಿ' ಎಂಬುದು ಮಕ್ಕಳ ಕೋರಿಕೆ. ಹೊಸದಾಗಿ ಕಸುಬಿಗೆ ಇಳಿದ ಹುಡುಗನಿಗೆ ಆಗ ಏಳುವ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಇದನ್ನು ಯಾವ ತಂತ್ರಾಂಶದಲ್ಲಿ ಮಾಡಲಿ?

ಪ್ರಶ್ನೆ ಹೊಸದು, ಕಸುಬು ಹಳೆಯದು. ಮ್ಯೂನಿಕ್ಕಿನ ಫ್ರಾಂಜ್ ಹಾನ್ಫ್‌ಸ್ಟೆಂಗಲ್ ಎಂಬ ಛಾಯಾಗ್ರಾಹಕ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ತಿದ್ದಿದ ನೆಗೆಟಿವ್ ತೋರಿಸಿ ಜನರನ್ನು ಬೆರಗುಗೊಳಿಸಿದನೆಂದು ಛಾಯಾಗ್ರಹಣದ ಚರಿತ್ರೆಗಳು ಹೇಳುತ್ತವೆ. ವಿಧಾನ ಸರಳ. ನೆಗೆಟಿವ್‌ನಲ್ಲಿ ಮುಖದ ಸುಕ್ಕು ತೆಳುವಾದ ಗೆರೆಯಾಗಿ ಕಾಣುತ್ತದೆ. ಅದರ ಮೇಲೆ ಚೂಪಾದ ಪೆನ್ಸಿಲ್ಲಿನಿಂದ ಹಗುರವಾಗಿ ತೀಡಿದರೆ ಅಲ್ಲಿ ಬೆಳಕು ಕಡಿಮೆ ಹಾಯುತ್ತದೆ, ಅಚ್ಚಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ, ಸುಕ್ಕು ಮಾಯವಾಗುತ್ತದೆ. ಉಪಕರಣ ಅಗ್ಗ, ದುಬಾರಿಯಾದದ್ದು ಕೈಯ ಹದ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳು 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಮುಂಬಯಿ–ಮದರಾಸು ಮಾರ್ಗದ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋಗುವ ರೈಲು 1874ರಲ್ಲಿ ಆರಂಭವಾಯಿತು. ಅದೇ ಸಿಕಂದರಾಬಾದಿನಲ್ಲಿ 1880ರ ದಶಕದಲ್ಲಿ ಸ್ಟುಡಿಯೋ ತೆರೆದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದ ರಾಜಾ ದೀನ್ ದಯಾಳ್. ಆಗ ಭಾವಚಿತ್ರವೆಂಬುದು ಅರಮನೆಯವರ, ಅಮೀರರ ಸೊತ್ತು. ರೈಲು ಊರ ಮುಂದೆಯೇ ಹಾದುಹೋದರೂ ಹೊಲದಲ್ಲಿ ದುಡಿಯುವವರ ಮುಖ ಕ್ಯಾಮೆರಾಕ್ಕೆ ಸಿಕ್ಕಲು ಬಹಳ ಕಾಲ ಹಿಡಿಯಿತು. ಉಪಕರಣದ ಬೆಲೆ ಇಳಿದಾಗಲೆಲ್ಲ ಇನ್ನಷ್ಟು ಮನೆಗಳ ಮುಖಗಳು ಉಳಿದುಕೊಂಡವು. ಅಗ್ಗದ ಮಾತು ಇಲ್ಲಿ ಬರಿಯ ಜಿಪುಣತನವಲ್ಲ.

ಕತ್ತಲೆಕೋಣೆಯ ಕೆಲಸ ಗಣಕಕ್ಕೆ ಬಂದದ್ದು ಫೋಟೋಶಾಪ್‌ನಿಂದ. ಅಮೆರಿಕದ ಥಾಮಸ್ ಮತ್ತು ಜಾನ್ ನೋಲ್ ಸಹೋದರರು ರೂಪಿಸಿದ ಇದನ್ನು ಅಡೋಬಿ ಸಂಸ್ಥೆ 1990ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಚಿತ್ರದ ಭಾಗವನ್ನು ತಿಳಿಯಾಗಿಸುವ ಸಲಕರಣೆಯ ಗುರುತು ಕಡ್ಡಿಗೆ ಸಿಕ್ಕಿಸಿದ ಬಿಲ್ಲೆ. ಗಾಢವಾಗಿಸುವುದರ ಗುರುತು ಬಾಗಿಸಿ ಹಿಡಿದ ಕೈ. ಅಚ್ಚು ಹಾಕುವಾಗ ಬೆಳಕನ್ನು ತಡೆಯಲು ಹಿಂದಿನವರು ಬಳಸುತ್ತಿದ್ದದ್ದು ಅಂಥ ಬಿಲ್ಲೆಯನ್ನೂ ತಮ್ಮ ಕೈಯನ್ನೂ.

ಆದರೆ ಅದರ ಬೆಲೆ ಸಣ್ಣ ಊರಿನ ಸ್ಟುಡಿಯೋಗೆ ಎಟುಕುವಂಥದಾಗಿರಲಿಲ್ಲ, ನಕಲು ಸಿ.ಡಿ.ಗಳೇ ಅನೇಕರಿಗೆ ಗುರುವಾದವು. 2013ರಿಂದ ಅದರ ಹೊಸ ಆವೃತ್ತಿಗಳು ಬಾಡಿಗೆಯ ಮನೆಯಂತೆ: ಹಣ ಕಟ್ಟುವವರೆಗೆ ಮಾತ್ರ ನಿಮ್ಮದು. ಇನ್ನೊಂದು ದಾರಿಯನ್ನು ಬರ್ಕಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, 1995ರಲ್ಲೇ ಹಾಕಿಕೊಟ್ಟಿದ್ದರು. ಅವರ 'ಗಿಂಪ್' ತಂತ್ರಾಂಶ 1996ರಲ್ಲಿ ಜನರ ಕೈಗೆ ಬಂತು. ಅದಕ್ಕೆ ಕಾಸು ಕೊಡಬೇಕಿಲ್ಲ. ಹಂಚಿಕೊಂಡರೆ ಅಪರಾಧವೂ ಅಲ್ಲ. ಪದರಗಳಲ್ಲಿ ಕೆಲಸ ಮಾಡುವುದು, ಕಲೆ ಅಳಿಸುವುದು, ಬಣ್ಣ ಸರಿಪಡಿಸುವುದು, ಎಲ್ಲವೂ ಅದರಲ್ಲಿವೆ. ಗಣಕವೇ ಇಲ್ಲದವರು ಮೊಬೈಲಿನ ಸ್ನ್ಯಾಪ್‌ಸೀಡ್‌ನಲ್ಲಿ ಪುಕ್ಕಟೆಯಾಗಿ ಕೈ ಪಳಗಿಸಿಕೊಳ್ಳಬಹುದು. ಮಾಡಿದ ಕೆಲಸವನ್ನು ದೊಡ್ಡ ಮುದ್ರಣಾಲಯಗಳಿಗೆ ಕಳಿಸಬೇಕಾದವರಿಗೆ ಫೋಟೋಶಾಪ್ ಬೇಕಾದೀತು. ಕಲಿಯುವವರಿಗೆ ಮೊದಲ ದಿನವೇ ಅದರ ಬಾಡಿಗೆ ಬೇಡ.

ಚಿತ್ರದ ಕೆಳಗೆ ಹೆಸರನ್ನೂ ಬರೆಯಬೇಕಲ್ಲ? ಯೂನಿಕೋಡ್ ಅಕ್ಷರಗಳಲ್ಲಿ 'ಚಿತ್ತಾಪುರ' ಎಂದು ಬರೆದು ನೋಡಿ. 'ತ'ದ ಒತ್ತು ಕೆಳಗೆ ಸರಿಯಾಗಿ ಕುಳಿತರೆ ಆ ತಂತ್ರಾಂಶಕ್ಕೆ ಕನ್ನಡ ಗೊತ್ತು. ಒತ್ತು ಬಿಡಿಯಾಗಿ ಪಕ್ಕದಲ್ಲಿ ನಿಂತರೆ ಗೊತ್ತಿಲ್ಲ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಇದೇ ತೊಂದರೆಯಿತ್ತು. ಬ್ಯಾನರ್ ಮಾಡುವವರು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಿಗೆ ಅಂಟಿಕೊಂಡದ್ದಕ್ಕೆ ಅದೂ ಒಂದು ಕಾರಣ. ದುಡ್ಡು ಕೊಡುವ ಮುನ್ನ ಈ ಒಂದು ಪರೀಕ್ಷೆ ಮಾಡುವುದು ಲೇಸು.

ಇನ್ನೊಂದು ಮಾತು. ಪೆನ್ಸಿಲ್ಲಿನ ಕಾಲದಲ್ಲಿ ನೆಗೆಟಿವ್ ಸ್ಟುಡಿಯೋದ ಡಬ್ಬಿಯಲ್ಲಿ ಉಳಿಯುತ್ತಿತ್ತು. ಈಗ ಉಳಿಯಬೇಕಾದದ್ದು ಕಡತ. ಆದ್ದರಿಂದ ಚೀಟಿಯನ್ನು ಸ್ಕ್ಯಾನ್ ಮಾಡಿದ ಮೂಲ ಪ್ರತಿಯನ್ನು ಮುಟ್ಟದೆ, ಟಿಫ್ ಅಥವಾ ಪಿಎನ್‌ಜಿಯಂಥ ಯಾವ ತಂತ್ರಾಂಶದಲ್ಲೂ ತೆರೆಯುವ ರೂಪದಲ್ಲಿ ಬೇರೆಯಾಗಿ ಇಡಬೇಕು. ತಿದ್ದುವುದೇನಿದ್ದರೂ ಅದರ ನಕಲಿನ ಮೇಲೆ.

ಮಗ ಕೇಳಿದಂತೆ ಅಜ್ಜಿಯ ಮುಖವನ್ನು ಬೆಳ್ಳಗೆ ಮಾಡಿಕೊಡಬಹುದು, ಸುಕ್ಕುಗಳನ್ನೂ ಅಳಿಸಬಹುದು. ಆದರೆ ಬಿಸಿಲಲ್ಲಿ ತೊಗರಿ ಬಿಡಿಸಿ ಕಪ್ಪಾದ ಆ ಮುಖವನ್ನು ಇದ್ದಂತೆಯೇ ನೋಡಬೇಕೆಂದು ನಾಳೆ ಮೊಮ್ಮಗಳು ಕೇಳಿದರೆ, ತೆಗೆದು ಕೊಡಲು ಮೂಲ ನಮ್ಮಲ್ಲಿರಬೇಕು.