ಸೋವಿಯತ್ ಎಂಬ ಪದ

ರಷ್ಯನ್ನರ ಮನೆಮಾತಿನಲ್ಲಿ ‘ಸೊವೆತ್’ ಎಂದರೆ ಸಲಹೆ, ಬುದ್ಧಿಮಾತು. ಕೂಡಿ ಕೂತು ಆಲೋಚಿಸುವ ಸಭೆಗೂ ಅದೇ ಹೆಸರು. ನಾವದನ್ನು ಸೋವಿಯತ್ ಎಂದು ಬರೆದುಕೊಂಡು, ಒಂದು ದೇಶದ ಹೆಸರೆಂದೇ ತಿಳಿದು ಬೆಳೆದೆವು. ಮಾಸ್ಕೋದಲ್ಲಿ ಅಚ್ಚಾದ ಕನ್ನಡ ಪುಸ್ತಕಗಳ ಜೊತೆ ನಮ್ಮ ಕಪಾಟುಗಳಿಗೆ ಬಂದದ್ದೂ ಆ ಅರ್ಥವೇ.

ಬಹುಕಾಲ ಅದು ಅರಮನೆಯ ಪದ. ಒಂದನೇ ಅಲೆಕ್ಸಾಂಡರ್ 1810ರಲ್ಲಿ ಕಟ್ಟಿದ ರಾಜ್ಯ ಪರಿಷತ್ತೂ ಒಂದು ಸೊವೆತ್ತೇ. ಗಣ್ಯರು ಸಲಹೆ ಕೊಡಬೇಕು. ಒಪ್ಪುವುದು, ಬಿಡುವುದು ತ್ಸಾರ್‌ನ ಚಿತ್ತ. 1905ರ ಮುಷ್ಕರಗಳಲ್ಲಿ ಇವಾನೊವೊದ ಜವಳಿ ಕಾರ್ಮಿಕರು, ಆಮೇಲೆ ಪೀಟರ್ಸ್‌ಬರ್ಗಿನವರು ತಾವು ಆರಿಸಿದ ಪ್ರತಿನಿಧಿಗಳ ಕೂಟವನ್ನು ಸೋವಿಯತ್ ಎಂದು ಕರೆದರು. ಡಿಸೆಂಬರಿನಲ್ಲಿ ಪೀಟರ್ಸ್‌ಬರ್ಗಿನ ಕೂಟವನ್ನು ಪೊಲೀಸರು ಬಂಧಿಸಿದರು. ಪದವನ್ನು ಬಂಧಿಸಲಾಗಲಿಲ್ಲ.

ರಷ್ಯದ ಹಳೆಯ ಕ್ಯಾಲೆಂಡರಿನಂತೆ 1917ರ ಫೆಬ್ರವರಿ 23, ನಮ್ಮ ಕ್ಯಾಲೆಂಡರಿನಲ್ಲಿ ಮಾರ್ಚ್ 8. ಆ ವರ್ಷದ ಮುಂದಿನ ತಾರೀಖುಗಳೂ ಹಳೆಯ ಲೆಕ್ಕದವೇ. ಪೀಟರ್ಸ್‌ಬರ್ಗಿಗೆ ಆಗ ಪೆಟ್ರೋಗ್ರಾಡ್ ಎಂಬ ಹೆಸರು. ಅದರ ವೈಬೋರ್ಗ್ ಭಾಗದ ಗಿರಣಿ ಹೆಂಗಸರು ಬ್ರೆಡ್ ಬೇಕೆಂದು ಬೀದಿಗಿಳಿದರು. ಗಂಡಂದಿರು ಮೊದಲ ಮಹಾಯುದ್ಧಕ್ಕೆ ಹೋಗಿದ್ದರು, ರೊಟ್ಟಿಯಂಗಡಿಯ ಸಾಲು ಕರಗುತ್ತಿರಲಿಲ್ಲ. ಇಂದು ಮುಷ್ಕರ ಬೇಡವೆಂದು ಲೆನಿನ್ನರ ಬೋಲ್ಷೆವಿಕ್ ಪಕ್ಷದ ಅಲ್ಲಿನ ಮುಖಂಡರೇ ಹೇಳಿದ್ದರು, ಹೆಂಗಸರು ಕೇಳಲಿಲ್ಲ. ರಷ್ಯದ ಕ್ರಾಂತಿಯ ಬಗ್ಗೆ ಮಾತಾಡುವಾಗ ಮೊದಲು ನೆನೆಯಬೇಕಾದದ್ದು ಅವರನ್ನು, ಆಗಿನ್ನೂ ಜ್ಯೂರಿಚ್‌ನಲ್ಲಿದ್ದ ಲೆನಿನ್ನರನ್ನಲ್ಲ. 26ರಂದು ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಮರುದಿನ ಬೆಳಿಗ್ಗೆ ವೊಲಿನ್ಸ್ಕಿ ರೆಜಿಮೆಂಟಿನವರು ಇನ್ನು ಹಾರಿಸೆವೆಂದು ತಿರುಗಿಬಿದ್ದರು. ಸಂಜೆ ತೌರಿದ್ ಅರಮನೆಯಲ್ಲಿ ಪೆಟ್ರೋಗ್ರಾಡ್ ಸೋವಿಯತ್ ಕೂತಿತು.

ಮಾರ್ಚ್ 1ರಂದು ಆ ಸೋವಿಯತ್ ಹೊರಡಿಸಿದ ಒಂದನೇ ಆದೇಶ ನನಗೆ ಬಹಳ ಪ್ರಿಯ. ಪ್ರತಿ ತುಕಡಿಯೂ ತನ್ನ ಸಮಿತಿಯನ್ನು ಚುನಾಯಿಸಿಕೊಳ್ಳಬೇಕು. ಅಧಿಕಾರಿಗಳು ಸೈನಿಕರನ್ನು ಇನ್ನು ‘ನೀನು’ ಎನ್ನಕೂಡದು. ಏಕವಚನದ ಏಟು ತಿಂದವರಿಗೆ ಮಾತ್ರ ಅದರ ತೂಕ ಗೊತ್ತು. ಕಂದಕಗಳಲ್ಲಿದ್ದ ಲಕ್ಷಾಂತರ ರೈತಮಕ್ಕಳಿಗೆ ರಾಜಪ್ರಭುತ್ವ ಹೋಯಿತೆಂಬುದು ತಿಳಿದದ್ದು ಬಹುಶಃ ಆ ‘ನೀವು’ ಎಂಬ ಮಾತಿನಿಂದಲೇ. ಮಾರ್ಚ್ 2ರಂದು ಪ್ಸ್ಕೋವ್‌ನಲ್ಲಿ, ರೈಲುಬೋಗಿಯಲ್ಲಿ ಕೂತು, ತ್ಸಾರ್ ನಿಕೊಲಸ್ ಸಿಂಹಾಸನ ತ್ಯಜಿಸಿದ. ಮರುದಿನ ಅವನ ತಮ್ಮ ಮಿಖಾಯಿಲ್ ಕಿರೀಟ ಒಲ್ಲೆನೆಂದ. ಮುನ್ನೂರು ವರ್ಷಗಳ ರೊಮಾನೊವ್ ಆಳ್ವಿಕೆ ಮುಗಿದದ್ದು ಹಾಗೆ.

ಸೋವಿಯತ್ತಿಗೆ ಕಾರ್ಖಾನೆ ಆರಿಸಿದ ಪ್ರತಿನಿಧಿಯನ್ನು ಕಾರ್ಖಾನೆಯೇ ವಾಪಸು ಕರೆಸಬಹುದಿತ್ತು. ಆ ಪದದ ಜೀವ ಇದ್ದದ್ದು ಅಲ್ಲಿ. ಅಕ್ಟೋಬರಿನಲ್ಲಿ ಬೋಲ್ಷೆವಿಕರು ಅಧಿಕಾರ ಹಿಡಿದದ್ದು ಸೋವಿಯತ್ತುಗಳ ಹೆಸರಿನಲ್ಲೇ, ಆದರೆ ತೀರ್ಮಾನಗಳು ಬರಬರುತ್ತ ಪಕ್ಷದ ಕೋಣೆಗೆ ಸರಿದವು. 1921ರ ಮಾರ್ಚಿನಲ್ಲಿ ಪೆಟ್ರೋಗ್ರಾಡಿನ ಬಳಿಯ ನೌಕಾನೆಲೆ ಕ್ರೋನ್‌ಸ್ಟಾಟ್‌ನ ನಾವಿಕರು ಬಂಡೆದ್ದರು. ಅವರ ಬೇಡಿಕೆಗಳಲ್ಲಿ ಮೊದಲನೆಯದು, ಗುಪ್ತ ಮತದಾನದಿಂದ ಸೋವಿಯತ್ತುಗಳಿಗೆ ಹೊಸ ಚುನಾವಣೆ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಬಂದ ಕೆಂಪು ಸೇನೆ ಅವರನ್ನು ಹತ್ತಿಕ್ಕಿತು. ಮರುವರ್ಷದ ಡಿಸೆಂಬರಿನಲ್ಲಿ ಆ ಪದವನ್ನೇ ಹೆಸರಲ್ಲಿ ಹೊತ್ತು ಸೋವಿಯತ್ ಒಕ್ಕೂಟ ರೂಪುಗೊಂಡಿತು.