ತೆರೆದ ಹೃದಯದ ಶಸ್ತ್ರಚಿಕಿತ್ಸೆಯೂ ಉಸಿರಿನ ಅಳತೆಯೂ

ಹೃದಯ ಶಸ್ತ್ರಚಿಕಿತ್ಸೆಯ ಚರಿತ್ರಕಾರರು 1953ರ ಮೇ 6ನೆಯ ದಿನವನ್ನು ತಪ್ಪದೆ ಸ್ಮರಿಸುತ್ತಾರೆ. ಅಂದು ಫಿಲಡೆಲ್ಫಿಯಾ ನಗರದಲ್ಲಿ ಜಾನ್ ಗಿಬ್ಬನ್ ಎಂಬ ವೈದ್ಯನು ಹೃದಯ, ಶ್ವಾಸಕೋಶಗಳೆರಡರ ಕಾರ್ಯವನ್ನೂ ಯಂತ್ರಕ್ಕೆ ಒಪ್ಪಿಸಿ, ಯುವತಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದನು. ಯಂತ್ರದ ಹೆಸರಿನಲ್ಲಿ ಶ್ವಾಸಕೋಶವಿದ್ದರೂ ಚರಿತ್ರಕಾರರ ದೃಷ್ಟಿ ಹೃದಯದಲ್ಲಿಯೇ ನಿಂತಿದೆ. ಇದು ಏಕಪಕ್ಷೀಯವೆಂಬುದು ನಮ್ಮ ಅಭಿಪ್ರಾಯ.

ಉಸಿರನ್ನಳೆಯುವ ವಿದ್ಯೆಯಾದರೋ ಇದಕ್ಕಿಂತ ನೂರು ವರ್ಷ ಹಳೆಯದು. ಲಂಡನ್ನಿನ ಜಾನ್ ಹಚಿನ್ಸನ್ನನು ತನ್ನ ಸ್ಪೈರೋಮೀಟರಿನಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು 1846ರಲ್ಲಿ ವಿವರಗಳನ್ನು ಪ್ರಕಟಿಸಿದನು. ಪೂರ್ಣವಾಗಿ ಒಳಗೆಳೆದ ಉಸಿರನ್ನು ಪೂರ್ಣವಾಗಿ ಹೊರಬಿಟ್ಟರೆ ದೊರೆಯುವ ಪ್ರಮಾಣಕ್ಕೆ ಅವನಿತ್ತ ಹೆಸರು ವೈಟಲ್ ಕೆಪಾಸಿಟಿ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ವಯಸ್ಕರಲ್ಲಿ ಇದು ಸುಮಾರು ಅರ್ಧಕ್ಕೆ ಇಳಿಯುವುದುಂಟು. ಕಾರಣಗಳು ಹಲವು. 1957ರಿಂದೀಚೆಗೆ ರೂಢಿಗೆ ಬಂದ ಪದ್ಧತಿಯಂತೆ ಎದೆಯ ನಡುಮೂಳೆಯನ್ನು ಸೀಳುವುದರಿಂದ ನೋವು ಆಳವಾದ ಉಸಿರಿಗೂ ಕೆಮ್ಮಿಗೂ ಎಡೆಗೊಡದು. ಯಂತ್ರ ನಡೆಯುವಾಗ ಗಾಳಿಯಿಲ್ಲದೆ ಮುದುಡಿದ ಶ್ವಾಸಕೋಶದ ಭಾಗಗಳು, ವಿಶೇಷವಾಗಿ ಎಡಗಡೆಯ ಕೆಳಭಾಗ, ತಡವಾಗಿ ಅರಳುತ್ತವೆ. ಹೃದಯವನ್ನು ತಣಿಸಲು ಬಳಸುವ ಹಿಮದಿಂದ ವಪೆಯ ನರವೂ ಕೆಲವೊಮ್ಮೆ ಜಡವಾಗುತ್ತದೆ. 1970ರ ದಶಕದಲ್ಲಿ ಪ್ರಚಾರಕ್ಕೆ ಬಂದ ಉಸಿರಾಟದ ಉಪಕರಣಗಳ ಪೈಕಿ ಮೂರು ಗುಂಡುಗಳದ್ದು ಇಂದು ಎಲ್ಲರಿಗೂ ಪರಿಚಿತ. ಅದೊಂದೇ ಸಾಕೆನ್ನಲು ಮಾತ್ರ ಆಧಾರ ಸಾಲದು. ಬೇಗನೆದ್ದು ನಡೆದಾಡುವುದೂ ಅಷ್ಟೇ ಮುಖ್ಯ.

ಇನ್ನು ನಮ್ಮ ಸೀಮೆಯ ಮಾತು. ಹುಬ್ಬಳ್ಳಿಗೆ 1957ರಲ್ಲಿ, ಬೆಳಗಾವಿ ಕಲಬುರ್ಗಿಗಳಿಗೆ 1963ರಲ್ಲಿ ವೈದ್ಯಕೀಯ ಕಾಲೇಜುಗಳು ಬಂದವು. ವಿಜಾಪುರವು 1984ರವರೆಗೆ ಕಾಯಬೇಕಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗರಿಗೆ ದೊಡ್ಡ ಚಿಕಿತ್ಸೆಯೆಂದರೆ ಬಹುಕಾಲ ದೂರದ ಪ್ರಯಾಣವೇ ಆಗಿದ್ದಿತು. ಶಸ್ತ್ರಚಿಕಿತ್ಸೆಯಾದವನು ಒಂದೆರಡು ವಾರಗಳಲ್ಲಿ ಊರಿಗೆ ಮರಳುತ್ತಾನೆ. ಅವನ ಉಸಿರು ಮೊದಲಿನ ಮಟ್ಟಕ್ಕೆ ಮರಳಲು ತಿಂಗಳುಗಳೇ ಬೇಕು. ಆ ತಿಂಗಳುಗಳು ಕಳೆಯುವುದು ಆಸ್ಪತ್ರೆಯಲ್ಲಲ್ಲ, ಒಲೆಯ ಹೊಗೆಯ ಮಗ್ಗುಲಲ್ಲಿ, ರಾಶಿಯ ಕಣದ ಧೂಳಿನಲ್ಲಿ. ಆದುದರಿಂದ ಈ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಶಸ್ತ್ರಚಿಕಿತ್ಸೆಯ ದಿನಾಂಕದೊಡನೆ ಮೂರು ತಿಂಗಳ ಅನಂತರದ ಉಸಿರಿನ ಅಳತೆಯನ್ನೂ ಕೇಳಬೇಕು. ಸೀಳಿದ ಮೂಳೆ ಕೂಡಲು ಆರರಿಂದ ಎಂಟು ವಾರಗಳಾದರೂ ಬೇಕು; ಭಾದ್ರಪದದಲ್ಲಿ ಎದೆ ತೆರೆಸಿಕೊಂಡ ಒಕ್ಕಲಿಗನು ಆ ವರ್ಷದ ಹಿಂಗಾರಿ ಜೋಳದ ಬಿತ್ತನೆಗೆ ಕೂರಿಗೆ ಹಿಡಿಯಲಾರನು.